ಹಿತ್ತಿಲಿನ ಮರಳುಗುಡ್ಡೆ

ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಾಕೆಯ ಹಿತ್ತಿಲಿನ ಕೆಲಸ ಮುಗಿಯಲೇ ಇಲ್ಲ. ಮರಳಿನ ಗುಡ್ಡೆ, ಒಡೆದ ಫರಸಿ ಕಲ್ಲು, ಅರ್ಧಕ್ಕೆ ನಿಂತ ಗೋಡೆ. ಓಣಿಯ ಮಕ್ಕಳಿಗೆ ಅದೇ ಕೋಟೆ, ಅದೇ ಸಮುದ್ರ. ಹಸಿ ಮರಳಲ್ಲಿ ಪಾದ ಹುಗಿದು, ಮೇಲೆ ತಟ್ಟಿ, ಮೆಲ್ಲಗೆ ಕಾಲೆಳೆದು ಗುಬ್ಬಿಗೂಡು ಕಟ್ಟುತ್ತಿದ್ದರು. ಆಕೆ ತಂಬಿಗೆಯಲ್ಲಿ ನೀರು ತಂದು ಕೊಡುತ್ತಿದ್ದಳು. ಅಲ್ಲಿ ಮೊದಲ ಗೂಡು ಕಟ್ಟಿದವಳು ಆಕೆಯ ಮಗಳು. ಆ ಹುಡುಗಿ ಅದೇ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು.

ಫರಸಿ ಹಾಕಲು ಕಮಲಾಪುರದ ಗೌಂಡಿ ಬಂದಾಗಲೆಲ್ಲ ಆಕೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಈಗ ಬ್ಯಾಡ್ರಿ, ಹುಡುಗ್ರು ಆಡಾಕತ್ತಾರ."

ಬರಬರುತ್ತ ಆ ಮಕ್ಕಳೆಲ್ಲ ದೊಡ್ಡವರಾದರು. ಹೋದ ಬೇಸಿಗೆಯಲ್ಲಿ ಗೌಂಡಿ ಮತ್ತೆ ಬಂದಾಗ ನಾನೂ ಅಲ್ಲಿದ್ದೆ. ಆಕೆ ಅದೇ ಮಾತು ಹೇಳಿದಳು.

ಗೌಂಡಿ ಒಳಗೆ ಇಣುಕಿದ. "ಯಾರೂ ಇಲ್ಲಲ್ರಿ ಅಕ್ಕಾ."

ನಾನೂ ಇಣುಕಿದೆ. ಹಿತ್ತಿಲು ಖಾಲಿಯಿತ್ತು. ಗುಡ್ಡೆಯ ಬುಡದಲ್ಲಿ ಆಗಷ್ಟೇ ಕಟ್ಟಿದ ಒಂದು ಗೂಡು ಇನ್ನೂ ಹಸಿಯಾಗಿತ್ತು. ಅದರ ಬಾಯಿ ದೊಡ್ಡವರ ಪಾದದಷ್ಟು ಅಗಲ. ಬಾಗಿಲಿಗೆ ಅಡ್ಡ ನಿಂತ ಆಕೆಯ ಬಲಗಾಲಿಗೆ ಬೆರಳಿನಿಂದ ಹಿಮ್ಮಡಿಯ ತನಕ ಹಸಿ ಮರಳು ಮೆತ್ತಿತ್ತು.