ಬ್ಯಾಂಕಾಕಿಗೆ ಹೋದ ಕಾವಲಿ

ಮಂಗಳೂರಿನ ಶಕ್ತಿನಗರದ ರೊಸಾಲಿನ್ ಬಾಯಿ ಐದು ದೇಶ ಕಂಡವಳು. ಆದರೆ ಅವಳ ಬಾಯಲ್ಲಿ ಆ ಊರುಗಳ ಎತ್ತರದ ಕಟ್ಟಡಗಳ ಸುದ್ದಿ ಬರುತ್ತಿರಲಿಲ್ಲ. ಅಲ್ಲಿಯ ತೆಂಗಿನಕಾಯಿ ಹೇಗೆ, ನೀರಿನಲ್ಲಿ ಬೇಳೆ ಬೇಯುತ್ತದೆಯೇ, ಮೀನು ಮಾರುವವಳು ಮುಖ ನೋಡಿ ಮಾತಾಡುತ್ತಾಳೆಯೇ, ಇಷ್ಟರಲ್ಲೇ ಅವಳು ಊರನ್ನು ತೂಗಿ ಬಿಡುತ್ತಿದ್ದಳು.

ಅವಳ ಅಕ್ಕನ ಮಗ ಆನ್ಸನ್ ಹಂಪನಕಟ್ಟೆಯ ಲಾಡ್ಜೊಂದರ ಮಹಡಿಯಲ್ಲಿ ಪ್ರವಾಸದ ಆಫೀಸು ಇಟ್ಟುಕೊಂಡಿದ್ದ. ಮಂಗಳೂರಿನವರನ್ನು ಗುಂಪು ಕಟ್ಟಿ ಹೊರದೇಶ ತೋರಿಸುವುದು ಅವನ ಕಸುಬು. ಎರಡು ದಿನ ಎಲ್ಲರೂ ಸಂತೋಷದಿಂದ ಇರುತ್ತಿದ್ದರು. ಮೂರನೆಯ ದಿನ ಯಾರಾದರೂ ಒಬ್ಬರು ಮೆಲ್ಲಗೆ, "ಕುಚ್ಚಲಕ್ಕಿ ಗಂಜಿ ಸಿಗ್ಲಿಕ್ಕುಂಟಾ ಮಾರಾಯ?" ಎನ್ನುತ್ತಿದ್ದರು. ಆಮೇಲೆ ಪ್ರವಾಸವೇ ಕೆಡುತ್ತಿತ್ತು. ಅದಕ್ಕೆ ಅವನು ಅಡುಗೆಮನೆ ಇರುವ ಕೋಣೆಗಳನ್ನೇ ಹಿಡಿದು, ಮದುವೆ ಮನೆಗಳಲ್ಲಿ ಅಡುಗೆಗೆ ಹೆಸರಾಗಿದ್ದ ಈ ಮಾವ್ಶಿಯನ್ನು, ಅಂದರೆ ಚಿಕ್ಕಮ್ಮನನ್ನು, ಕರೆದುಕೊಂಡು ಹೋಗತೊಡಗಿದ. ಗಂಡ ಯೂಸ್ಟೇಸ್ ತೀರಿಕೊಂಡಿದ್ದ. ಮಕ್ಕಳು ಆಗಿರಲಿಲ್ಲ. ಅಕ್ಕಿ, ಉಪ್ಪಿನಕಾಯಿ, ಜಪಮಣಿ ಕಟ್ಟಿಕೊಂಡು ಅವಳು ಹೊರಟಳು.

ತಿರುಗಿ ಬಂದಾಗಲೆಲ್ಲ ಪಕ್ಕದ ಮನೆಯ ದೇಯಿಯಕ್ಕನ ಜಗಲಿಯಲ್ಲಿ ಕೂತು ವರದಿ ಒಪ್ಪಿಸುತ್ತಿದ್ದಳು.

"ಕೊಲಂಬೊ ಅಂದ್ರೆ ತಂಗಿಯ ಮನೆ ಹಾಗೆ. ಅದೇ ಹಲಸು, ಅದೇ ಕೆಂಪಕ್ಕಿ. ತಂಗಿಗೆ ಮಾತ್ರ ನಮ್ಮ ಗುರುತಿಲ್ಲ."

"ಸಿಂಗಾಪುರ?"

"ದೊಡ್ಡ ಮನೆಯವರ ಚಾವಡಿ. ಸೋಫಾದ ತುದಿಯಲ್ಲೇ ಕೂರ್ಬೇಕು. ತಲೆ ಬಾಚಿದ ಕೂದಲು ಎಲ್ಲಿ ಬಿಸಾಡುವುದು ಅಂತ ಕೈಯಲ್ಲೇ ಹಿಡಿದು ತಿರುಗಿದ್ದೇನೆ!"

ಹನೋಯಿಯಲ್ಲಿ ಸ್ಕೂಟರುಗಳ ಹೊಳೆ ದಾಟಬೇಕಾದರೆ ಶಿಲುಬೆಯ ಗುರುತು ಹಾಕಿ ಕಣ್ಣು ಮುಚ್ಚಿ ನಡೆಯಬೇಕಂತೆ. ನೀರು ಕಲ್ಲನ್ನು ಬಳಸಿದಂತೆ ಅವು ಬಳಸಿಕೊಂಡು ಹೋಗುತ್ತವಂತೆ. ಕ್ವಾಲಾಲಂಪುರದ ಸಂತೆಯಲ್ಲಿ ಒಣಮೀನು ಮಾರುವ ಹೆಂಗಸು ಥೇಟು ನಮ್ಮೂರ ಬಂದರಿನಲ್ಲಿ ಮೀನು ಮಾರುವ ಖತೀಜಮ್ಮ, ಚೌಕಾಸಿ ಮಾಡಿದರೆ ಬೆನ್ನು ತಿರುಗಿಸುವುದೂ ಹಾಗೆಯೇ.

"ಎಲ್ಲಕ್ಕಿಂತ ಒಳ್ಳೆಯದು ಯಾವುದು ಬಾಯಮ್ಮ?" ಎಂದು ದೇಯಿಯಕ್ಕ ಗೊತ್ತಿದ್ದೂ ಕೇಳುತ್ತಿದ್ದಳು.

"ಬ್ಯಾಂಕಾಕು. ಅಲ್ಲಿ ನನಗೊಬ್ಬಳು ಮಗಳುಂಟು."

ಆ ಮಗಳ ಕತೆ ಹೀಗೆ. ಮೊದಲ ಸಲ ಹೋದಾಗ ಸಂತೆಯ ಮೂಲೆಯಲ್ಲಿ ಒಬ್ಬ ಹುಡುಗಿ ಕೈಗಾಡಿ ಇಟ್ಟುಕೊಂಡು ಗುಳಿಯಪ್ಪ ಹೊಯ್ಯುತ್ತಿದ್ದಳು. ಅಕ್ಕಿಹಿಟ್ಟು, ತೆಂಗಿನ ಹಾಲು, ಗುಳಿಯ ಕಾವಲಿ, ಎಲ್ಲ ನಮ್ಮದೇ. ರೊಸಾಲಿನ್ ಬಾಯಿ ಬೆರಗಾಗಿ ನೋಡುತ್ತಿರುವಾಗಲೇ ಗಾಳಿಮಳೆ ಎದ್ದು ಗಾಡಿಯ ದೊಡ್ಡ ಕೊಡೆ ಬುಡಮೇಲಾಯಿತು. ಇವಳು ಓಡಿ ಹೋಗಿ ಅದರ ಕೋಲನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಳು. ಮಳೆ ಬಿಟ್ಟ ಮೇಲೆ ಹುಡುಗಿ ಬಿಸಿ ಅಪ್ಪಗಳನ್ನು ಎಲೆಯ ದೊನ್ನೆಯಲ್ಲಿಟ್ಟು ಕೊಟ್ಟಳು. ಇವಳು ನೋಟು ಚಾಚಿದರೆ ಹುಡುಗಿ ಕೈಮುಗಿದು, "ಮಾಯ್ ಆವ್, ಮಾಯ್ ಆವ್" ಎಂದಳು.

ಕೊಂಕಣಿಯಲ್ಲಿ ಮಾಯ್ ಅಂದರೆ ತಾಯಿ. ಆವ್ ಎಂದದ್ದು ಅವಳಿಗೆ ಹಾಂವ್ ಎಂದೇ ಕೇಳಿತು, ಅಂದರೆ ನಾನು. ಅಮ್ಮಾ, ನಾನು! ಹೊರಗೆ ಹೋದ ಮಗಳು ಮನೆಗೆ ಬಂದು ಬಾಗಿಲು ಬಡಿದು ಹೇಳುವ ಮಾತು. ರೊಸಾಲಿನ್ ಬಾಯಿಯ ಮನೆಯ ಬಾಗಿಲಲ್ಲಿ ಆ ಮಾತು ಯಾರೂ ಹೇಳಿರಲಿಲ್ಲ. ಎರಡನೆಯ ಸಲ ಹೋಗಿ ದುಡ್ಡು ಚಾಚಿದಾಗಲೂ ಹುಡುಗಿ ಹಾಗೇ ಎಂದಳು. ಆ ದೂರದ ಭಾಷೆಗೆ ಕೊಂಕಣಿ ಹೇಗೆ ಬಂತೆಂದು ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ದೇವರ ಕೆಲಸಕ್ಕೆ ವ್ಯಾಕರಣ ಕೇಳುವುದುಂಟೇ?

ಈಚೆಗೆ ಅವಳ ಮಂಡಿ ಸೋತಿತ್ತು. "ಇದೊಂದು ಸಲ ಬನ್ನಿ ಮಾವ್ಶಿ. ಅಡುಗೆಗೆ ಬೇರೆ ಜನ ಉಂಟು. ನೀವು ಸುಮ್ಮನೆ ತಿರುಗ್ಲಿಕ್ಕೆ. ಊರು ನೀವೇ ಹೇಳಿ," ಎಂದ ಆನ್ಸನ್.

ಅವಳು ಯೋಚಿಸಲೇ ಇಲ್ಲ, ಬ್ಯಾಂಕಾಕು ಎಂದಳು. ಮನೆಗೆ ಹೋಗಿ ಅಟ್ಟದಿಂದ ತಾಯಿಯ ಕಾಲದ ಬೀಡುಕಬ್ಬಿಣದ ಗುಳಿಯಪ್ಪದ ಕಾವಲಿಯನ್ನು ಇಳಿಸಿ, ತೆಂಗಿನೆಣ್ಣೆ ಹಚ್ಚಿ ಒರೆಸಿದಳು. ತಾಯಿಯಿಂದ ಮಗಳಿಗೆ ಬಂದ ಕಾವಲಿ ಅದು. ಇವಳಿಂದ ಮುಂದೆ ಯಾರಿಗೆ ಎಂಬುದು ಎಷ್ಟೋ ವರ್ಷಗಳಿಂದ ಎದೆಯಲ್ಲಿ ಕೂತಿದ್ದ ಪ್ರಶ್ನೆ. ಕೊಡುತ್ತೇನೆಂದಾಗ ಅಕ್ಕನ ಮಗಳು ಡ್ಯಾಫ್ನಿ, "ಅಂಟದ ಕಾವಲಿ ಉಂಟಲ್ಲ ಮಾವ್ಶಿ" ಎಂದು ನಕ್ಕಿದ್ದಳು.

ಈ ಸಲ ದೇಯಿಯಕ್ಕನೂ ಹೊರಟಳು. ದುಬೈಯಲ್ಲಿದ್ದ ಮಗ ದೀಪೇಶ್ ಟಿಕೆಟು ಮಾಡಿಸಿದ್ದ. ಜೊತೆಗೆ ಕಾಲೇಜಿಗೆ ಹೋಗುವ ಮೊಮ್ಮಗಳು ಮೋಕ್ಷಾ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದ ಅಧಿಕಾರಿ ಕಾವಲಿಯನ್ನು ಎರಡೂ ಕೈಯಲ್ಲಿ ಎತ್ತಿ, "ಎಂತ ಅಮ್ಮ, ಬ್ಯಾಂಕಾಕಿನಲ್ಲಿ ಹೋಟೆಲು ಇಡ್ತೀರಾ?" ಎಂದು ಕೇಳಿದ.

"ಅಲ್ಲ ಮಗ, ಮಗಳಿಗೆ ಕೊಡ್ಲಿಕ್ಕೆ."

"ಅಲ್ಲಿಯೇ ಮದುವೆ ಮಾಡಿ ಕೊಟ್ಟದ್ದಾ?"

ದೇಯಿಯಕ್ಕ ಸೆರಗು ಬಾಯಿಗಿಟ್ಟು ನಕ್ಕಳು.

ಬ್ಯಾಂಕಾಕಿನಲ್ಲಿ ಬೆಳಗಿನ ಸಂತೆ ಆಗಷ್ಟೇ ತೆರೆದಿತ್ತು. ಗಾಡಿ ಅದೇ ಮೂಲೆಯಲ್ಲಿತ್ತು, ಹುಡುಗಿಯೂ ಇದ್ದಳು. ಇವಳನ್ನು ಕಂಡವಳೇ ಸೌಟು ಬಿಟ್ಟು ಬಂದು ಎರಡೂ ಕೈ ಹಿಡಿದುಕೊಂಡಳು, ಕೊಡೆಯನ್ನು ತೋರಿಸಿ ನಕ್ಕಳು. ಮೂವರಿಗೂ ದೊನ್ನೆ ಕೊಟ್ಟಳು. ದೇಯಿಯಕ್ಕ ಒಂದು ಅಪ್ಪ ಬಾಯಿಗಿಟ್ಟು, "ಅಯ್ಯೋ, ನಮ್ಮದೇ!" ಎಂದಳು.

ರೊಸಾಲಿನ್ ಬಾಯಿ ಚೀಲ ಬಿಚ್ಚಿ ಕಾವಲಿಯನ್ನು ಮುಂದೆ ಹಿಡಿದಳು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ಮಾಯ್ ಆವ್! ಮಾಯ್ ಆವ್!"

"ಕೇಳಿತಾ ದೇಯಿಯಕ್ಕ? ಕೇಳಿತಾ?" ರೊಸಾಲಿನ್ ಬಾಯಿಯ ಮುಖ ಹಬ್ಬದ ದಿನದಂತೆ ಅರಳಿತು.

ಅಷ್ಟರಲ್ಲಿ ಮೋಕ್ಷಾ, ಹುಡುಗಿಯೊಂದಿಗೆ ಮಾತಾಡಬಹುದೆಂದು, ಭಾಷಾಂತರ ಮಾಡುವ ಫೋನನ್ನು ಹಿಡಿದಿದ್ದಳು. ಫೋನು ನೆಟ್ಟಗೆ ಕನ್ನಡದಲ್ಲಿ ಹೇಳಿತು: "ಬೇಡ. ಬೇಡ."

ದೇಯಿಯಕ್ಕ ಬಾಯಿಗೆ ಒಯ್ಯುತ್ತಿದ್ದ ಅಪ್ಪವನ್ನು ದೊನ್ನೆಗೆ ಇಳಿಸಿದಳು.

"ಫೋನು ತಪ್ಪು ಹೇಳಿರ್ಬಹುದು ಆಂಟಿ," ಎಂದಳು ಮೋಕ್ಷಾ, ಅದನ್ನು ಬೆನ್ನ ಹಿಂದೆ ಅಡಗಿಸುತ್ತಾ.

ತಪ್ಪಿಲ್ಲವೆಂದು ರೊಸಾಲಿನ್ ಬಾಯಿಗೆ ಕೂಡಲೇ ಹೊಳೆಯಿತು. ಹುಡುಗಿ ಎದುರುಗೊಳ್ಳುವಾಗ ಆ ಮಾತು ಹೇಳಿದವಳಲ್ಲ, ಕಳಿಸಿಕೊಡುವಾಗ ಹೇಳಿದವಳಲ್ಲ. ಇವಳು ಏನಾದರೂ ಕೊಡಲು ಕೈ ಚಾಚಿದಾಗ ಮಾತ್ರ ಹೇಳಿದ್ದಳು. ಇಷ್ಟು ಕಾಲ ಒಂದು 'ಬೇಡ'ವನ್ನು ಎದೆಗೆ ಅವಚಿಕೊಂಡು ಸಾಕಿದ್ದೆ ಎನ್ನಿಸಿತು ಅವಳಿಗೆ. ಸಾಯ್ಬಿಣ್ ಮಾಯ್, ಮರಿಯಮ್ಮ ತಾಯೇ, ನಿನಗೆ ಗೊತ್ತಿತ್ತಲ್ಲ, ಒಂದು ಮಾತು ಹೇಳಬಾರದಿತ್ತೇ? ಹುಡುಗಿಯ ಮೇಲೆ ಸಿಟ್ಟಿರಲಿಲ್ಲ, ನಾಚಿಕೆಯಾಯಿತು. ಕಾವಲಿಯನ್ನು ಮತ್ತೆ ಮೈ ಒರೆಸುವ ಹಳೆಯ ಬೈರಾಸಿನಲ್ಲಿ ಸುತ್ತತೊಡಗಿದಳು.

ದೇಯಿಯಕ್ಕ ಕೈ ಒರೆಸಿಕೊಂಡು ಹತ್ತಿರ ಬಂದಳು.

"ಬಾಯಮ್ಮ, ನಿಮ್ಮ ಅಮ್ಮ ಇದನ್ನು ಕೊಡುವಾಗ ನೀವು ಎಂತ ಹೇಳಿದ್ದು?"

"ಎಂತ ಹೇಳುವುದು... ಬೇಡ ಅಂದಿದ್ದೆ. ಯೂಸ್ಟೇಸನ ಮನೆಯಲ್ಲಿ ಕಾವಲಿ ಇಲ್ವಾ, ಈ ಭಾರ ಯಾರು ಹೊರುವುದು ಅಂತ."

"ಮತ್ತೆ?"

"ಅಮ್ಮ ಬೈದು ಚೀಲಕ್ಕೆ ತುರುಕಿದ್ದು."

"ನನ್ನ ದೀಪೇಶ ಊರಿಗೆ ಬಂದು ಹೋಗುವಾಗ ಉಪ್ಪಿನಕಾಯಿ ಬಾಟ್ಲಿ ಕೊಟ್ರೆ ಒಂದು ಸಲವಾದ್ರೂ ಬೇಕು ಅಂದದ್ದುಂಟಾ? ಕೊಟ್ಟ ಕೂಡಲೇ ಬೇಕು ಅನ್ನುವವರು ನೆಂಟರು. ಬೇಡ ಅನ್ನುವವರೇ ಮಕ್ಕಳು. ನಿಂತು ಅಳ್ಬೇಡಿ ಮಾರಾಯ್ತಿ, ಬೈದು ತುರುಕಿ!"

ರೊಸಾಲಿನ್ ಬಾಯಿ ಮೂಗು ಒರೆಸಿಕೊಂಡಳು. ಬೈರಾಸನ್ನು ಕಿತ್ತು ಹೆಗಲಿಗೆ ಹಾಕಿದಳು.

"ಘೆ ಬಾಯ್!" ತೆಗೆದುಕೋ ಮಗಳೇ ಎಂದು ಕಾವಲಿ ಚಾಚಿದಳು.

ಹುಡುಗಿ ತಲೆಯಾಡಿಸಿ, "ಮಾಯ್ ಆವ್" ಎಂದಳು.

"ಎಂತ ಮಾಯ್ ಆವ್? ನಾನೇನು ಇದನ್ನು ಪುನಃ ಹೊತ್ತುಕೊಂಡು ಹೋಗ್ಬೇಕಾ? ನನ್ನ ಮಂಡಿ ನೋಡಿದ್ದೀಯಾ? ದೊಡ್ಡವರು ಕೊಟ್ಟದ್ದನ್ನು ಬೇಡ ಅನ್ನುವುದಾ?" ಕನ್ನಡವೋ ಕೊಂಕಣಿಯೋ ಅವಳಿಗೇ ತಿಳಿಯದ ಭಾಷೆಯಲ್ಲಿ ಬೈಗುಳ ಸುರಿಯಿತು. ಬೈಯುತ್ತಲೇ ಗಾಡಿಯ ಮೇಲೆ ಜಾಗ ಮಾಡಿ ಕಾವಲಿಯನ್ನು ಇಟ್ಟೇ ಬಿಟ್ಟಳು.

ಹುಡುಗಿಗೆ ಮಾತು ಅರ್ಥವಾಗಲಿಲ್ಲ. ಬೈಗುಳ ಅರ್ಥವಾಗಿರಬೇಕು. ಬಾಯಿಗೆ ಕೈಯಿಟ್ಟು ನಕ್ಕಳು. ಆಮೇಲೆ ಕಾವಲಿಯನ್ನು ಎತ್ತಿ ಹಣೆಗೆ ಮುಟ್ಟಿಸಿಕೊಂಡು ಎರಡನೆಯ ಒಲೆಯ ಮೇಲೆ ಇಟ್ಟಳು. ಕಾದ ಗುಳಿಗೆ ಹಿಟ್ಟು ಹೊಯ್ದಾಗ ಚುಯ್ಯೆಂದಿತು. ಮೊದಲ ಅಪ್ಪ ಅಂಟಿ ಹರಿಯಿತು. ರೊಸಾಲಿನ್ ಬಾಯಿ ಸುಮ್ಮನಿರಲಾರದೆ ಗಾಡಿಯ ಆಚೆ ಹೋಗಿ ಉರಿ ಸಣ್ಣ ಮಾಡಿದಳು. ಆನ್ಸನ್ ಬಂದು, ಬಸ್ಸು ಕಾಯುತ್ತಿದೆ ಎಂದು ಕರೆಯುವ ತನಕ ಇಬ್ಬರೂ ಅಲ್ಲೇ ನಿಂತಿದ್ದರು.

ಈಗ ಅವಳು ಎಲ್ಲಿಗೂ ಹೋಗುವುದಿಲ್ಲ. ಯಾವ ಊರು ಒಳ್ಳೆಯದೆಂದು ಕೇಳಿದರೆ ಈಗಲೂ ಬ್ಯಾಂಕಾಕೇ. ಮಗಳು ಹೇಗಿದ್ದಾಳೆಂದು ಕೇಳಿದರೆ, "ಹಟಮಾರಿ, ನನ್ನ ಹಾಗೆ" ಎನ್ನುತ್ತಾಳೆ.

ಮೊನ್ನೆ ದೇಯಿಯಕ್ಕನ ಮನೆಯಲ್ಲಿ ಊಟ. ಬಂಗುಡೆ ಮೀನಿನ ಪುಳಿಮುಂಚಿ ಸಾರು ಎರಡನೆಯ ಸಲ ಬಡಿಸಲು ಬಂದಾಗ ರೊಸಾಲಿನ್ ಬಾಯಿ ಗಂಭೀರವಾಗಿ, "ಮಾಯ್ ಆವ್" ಎಂದಳು. ಎಂದವಳು ಬಟ್ಟಲನ್ನು ಮಾತ್ರ ಇನ್ನಷ್ಟು ಮುಂದೆ ಸರಿಸಿದಳು.