ತೋಪಿನ ಹೊಟ್ಟೆಯೊಳಗಿನ ಗೆರೆ

ಬೆಳಗಿನ ಐದು ಗಂಟೆ. ಥೇಮ್ಸ್ ದಂಡೆಯ ಉದ್ಯಾನದಲ್ಲಿ ಎಂಬತ್ತು ಟನ್ನಿನ ಹಳೆಯ ಫಿರಂಗಿ ತೋಪು ಇಬ್ಬನಿಯಲ್ಲಿ ತೊಯ್ದು ಮಲಗಿದೆ. ಅದರ ಬಾಯಿಂದ ಎರಡು ಬೂಟುಗಾಲುಗಳಷ್ಟೇ ಹೊರಗೆ ಕಾಣುತ್ತಿವೆ. ಅವು ಅರವತ್ತೆಂಟರ ಇನಾಕ್ ಪೆಟಿಫರ್ ಅವರವು. ಒಳಗಿನಿಂದ ಕಿತ್ತಳೆ ಸಿಪ್ಪೆ, ರೊಟ್ಟಿಯ ಚೂರುಗಳು ಹೊರಬೀಳುತ್ತವೆ.

"ಬಾಯಿ ತೆರೆದಿದೆ ಅಂತ ಜನ ಇದಕ್ಕೂ ತಿನ್ನಿಸ್ತಾರೆ" ಎಂದು ಒಳಗಿನಿಂದಲೇ ಗೊಣಗುತ್ತಾರೆ.

ತೋಪಿನ ಕಾರ್ಖಾನೆಯಲ್ಲಿ ಅವರದು ನಲವತ್ತೊಂದು ವರ್ಷದ ದುಡಿಮೆ. ಪರೀಕ್ಷೆಗೆ ಗುಂಡು ಹಾರಿಸಿದ ಮೇಲೆ ನಳಿಗೆಯಲ್ಲಿ ಬಿರುಕಿದೆಯೇ ಎಂದು ನೋಡುವ ಕೆಲಸ. ಬಿಸಿನೀರಿನಲ್ಲಿ ಮೆತ್ತಗಾಗುವ ಮರದ ಅಂಟನ್ನು ಒಳಗೋಡೆಗೆ ಒತ್ತಿ, ಆರಿದ ಮೇಲೆ ಕೀಳಬೇಕು. ಬಿರುಕಿದ್ದರೆ ಅಂಟಿನ ಮೇಲೆ ದಾರದಂತೆ ಉಬ್ಬುತ್ತದೆ. ನಳಿಗೆಯ ಅಗಲ ಹದಿನಾರು ಅಂಗುಲ. ಅದರಲ್ಲಿ ತೂರಬಲ್ಲ ಸಣಕಲು ಮೈ ಊರಿಗೆಲ್ಲ ಇವರದೊಂದೇ.

ಆ ದಿನಗಳ ಮಾತೆತ್ತಿದರೆ ಇನಾಕರ ಕಣ್ಣು ಅರಳುತ್ತದೆ. ಹೊಸ ತೋಪು ಹಳಿಯ ಮೇಲೆ ಹೊರಟರೆ ಊರಿಗೆ ಊರೇ ಬೇಲಿಗೆ ಆತು ನಿಲ್ಲುತ್ತಿತ್ತು. "ಕಾರ್ಖಾನೆಯ ದೊಡ್ಡ ಸುತ್ತಿಗೆ ಬಿದ್ರೆ ನಮ್ಮನೇಲಿ ಕಪ್ಪು ಬಸಿ ಕುಣೀತಿದ್ವು. ಅದು ನಿಂತಾಗಿಂದ ನನ್ನಾಕೆ ಡಾರ್ಕಸ್‌ಗೆ ಮಧ್ಯಾಹ್ನ ಜೊಂಪೇ ಹತ್ತಲ್ಲ."

ಇಂದು ಅವರು ಬಂದಿರುವುದು ಕಸ ತೆಗೆಯಲು ಮಾತ್ರವಲ್ಲ. ರಾಣಿ ಪಟ್ಟವೇರಿ ಅರವತ್ತು ವರ್ಷವಾದ ಉತ್ಸವಕ್ಕೆ ಇನ್ನು ಮೂರೇ ದಿನ. ಅಂದು ಇದೇ ತೋಪು ಗುಡುಗಬೇಕೆಂದು ಸಮಿತಿಯ ಮುಖ್ಯಸ್ಥ, ಮಾಂಸದಂಗಡಿಯ ಟೋಜರ್ ಹಟ ಹಿಡಿದಿದ್ದಾರೆ. ಫಲಕದ ಮೇಲೆ 'ಸಾಮ್ರಾಜ್ಯದ ಕಾವಲುಗಾರ' ಎಂದಿದೆ. ನಿಜವೆಂದರೆ ಇದು ಹಡಗನ್ನೇ ಏರಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇದರ ಹೊಟ್ಟೆಯಲ್ಲಿ ಬಿರುಕಿನ ಗೆರೆ ಕಂಡವರು ಇನಾಕ್. ವರ್ಷದ ಶ್ರಮ ನೀರುಪಾಲಾಯಿತೆಂದು ಮೇಲಿನವರು ಕೂಗಾಡಿದರೂ ಅವರು ಮಾತು ಬದಲಿಸಲಿಲ್ಲ; ತೋಪು ಉದ್ಯಾನದ ಅಲಂಕಾರವಾಯಿತು.

ಇನಾಕ್ ಕರೆಸಿದ್ದಕ್ಕೆ ಟೋಜರ್ ಆಕಳಿಸುತ್ತಲೇ ಬರುತ್ತಾರೆ. "ಅಜ್ಜ, ನಿಮಗೆ ನನ್ನ ಅಂಗಡಿ ಬೋರ್ಡೇ ಕಾಣಲ್ಲ. ಕೂದಲೆಳೆ ಗೆರೆ ಕಂಡಿತಾ?"

"ಕಾಣೋದೇನೂ ಬೇಡ ಸಾಹೇಬ್ರೇ. ಮುಟ್ಟಿ ನೋಡಿ."

ಇನಾಕ್ ತೆವಳಿ ಹೊರಬಂದು, ಈಗಷ್ಟೇ ಕಿತ್ತ ಅಂಟಿನ ಅಚ್ಚನ್ನು ಮುಂದೆ ಹಿಡಿಯುತ್ತಾರೆ. ಒಂದು ಗೇಣುದ್ದದ ಉಬ್ಬುಗೆರೆ. ಟೋಜರ್ ಅದರ ಮೇಲೆ ಮೂರು ಸಲ ಹೆಬ್ಬೆರಳು ಆಡಿಸುತ್ತಾರೆ.

"ಹಾಡೋ ಮಕ್ಕಳನ್ನ ಇದರ ಪಕ್ಕದಲ್ಲೇ ನಿಲ್ಲಿಸೋಣ ಅಂತಿದ್ದೆ" ಎನ್ನುತ್ತಾರೆ ಮೆಲ್ಲಗೆ. "ಅವರಲ್ಲಿ ನನ್ನ ಮೊಮ್ಮಗಳೂ ಇದಾಳೆ."

ಉತ್ಸವಕ್ಕೆ ದಂಡಿನವರ ಸಣ್ಣ ತೋಪುಗಳೇ ಸಾಕೆಂದು ಅಲ್ಲೇ ತೀರ್ಮಾನವಾಗುತ್ತದೆ. ಫಲಕಕ್ಕೆ ನಿಮ್ಮ ಹೆಸರು ಸೇರಿಸೋಣವೇ ಎಂದು ಟೋಜರ್ ಕೇಳಿದರೆ ಇನಾಕ್ ಅಡ್ಡಡ್ಡ ತಲೆಯಾಡಿಸಿ, ಅಂಟು ಮೆತ್ತಗಾಗಿಸಲು ತಂದಿದ್ದ ಕೆಟಲಿನ ನೀರು ಚೆಲ್ಲುತ್ತಾರೆ.

"ಬೇಡ ಬಿಡಿ. ನಾನು ಸರಿಯಿದೆ ಅಂತ ಕಳಿಸಿದ ತೋಪುಗಳು ಎಲ್ಲೆಲ್ಲಿ ಯಾರ್‍ಯಾರನ್ನ ಕೊಂದವೋ ಗೊತ್ತಿಲ್ಲ. ಇದೊಂದು ಮಾತ್ರ ಯಾರನ್ನೂ ಕೊಂದಿಲ್ಲ ಅಂತ ಖಾತ್ರಿಯಾಗಿ ಗೊತ್ತು."