ನಾಟಕದಕ್ಕನ ದಾವೆ

ನಾಟಕದಕ್ಕನ ಕಿವಿಯ ಹಿಂದೆ ಯಾವಾಗಲೂ ಒಂದು ಗೆರೆ ಗುಲಾಬಿ ಬಣ್ಣ ಉಳಿದಿರುತ್ತಿತ್ತು. ರಾತ್ರಿಯೆಲ್ಲ ಯಾವುದೋ ಹಳ್ಳಿಯಲ್ಲಿ ರಾಣಿಯಾಗಿ ಮೆರೆದು, ಬೆಳಗಿನ ಮೊದಲ ಬಸ್ಸಿಗೆ ಚಿತ್ರದುರ್ಗಕ್ಕೆ ಬಂದಿಳಿಯುತ್ತಿದ್ದರು. ಕೊಬ್ಬರಿ ಎಣ್ಣೆ ಹಚ್ಚಿ ಮುಖವನ್ನೆಲ್ಲ ಉಜ್ಜಿ ತೊಳೆದರೂ ಅಲ್ಲಿಯ ಬಣ್ಣ ಮಾತ್ರ ಹೋಗುತ್ತಿರಲಿಲ್ಲ.

ನಾನು ಆಗಷ್ಟೇ ಸನ್ನದು ಪಡೆದು ಹಿರಿಯ ವಕೀಲರೊಬ್ಬರ ಕಚೇರಿ ಸೇರಿದ್ದೆ. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು. ನಾನು ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೆ ಎದುರು ಮನೆಯಲ್ಲಿ ಅವರು ಮಲಗಲು ಬಾಗಿಲು ಹಾಕಿಕೊಳ್ಳುತ್ತಿದ್ದರು.

"ಏನ್ ವಕೀಲಪ್ಪ, ಸೂರ್ಯನ್ನ ನೀನೇ ಎಬ್ಬಿಸ್ಕಂಡ್ ಬಂದಂಗೈತೆ" ಎಂದು ನಗುತ್ತಿದ್ದರು.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಗಂಡಸರು ತಾವೇ ಬಣ್ಣ ಹಚ್ಚಿ ನಾಟಕ ಆಡುತ್ತಿದ್ದರು. ಹೆಣ್ಣು ಪಾತ್ರಕ್ಕೆ ಮಾತ್ರ ಪೇಟೆಯಿಂದ ಕಲಾವಿದೆಯನ್ನು ಕರೆಸುವುದು ವಾಡಿಕೆ. ಹರಿಯಬ್ಬೆ, ತುರುವನೂರು, ಭರಮಸಾಗರ, ಎಲ್ಲಿಂದ ಬಂದವರೂ ಮೊದಲು ಹುಡುಕುತ್ತಿದ್ದುದು ಇವರ ಮನೆಯನ್ನೇ. ಕರಾರು ಪತ್ರ ಇರಲಿಲ್ಲ. ಊರಿನ ಹಿರಿಯನೊಬ್ಬ ಬಂದು ತಟ್ಟೆಯಲ್ಲಿ ವೀಳ್ಯ ಕೊಡುತ್ತಿದ್ದ. ಅದರಲ್ಲಿನ ಒಂದು ಅಡಿಕೆಯನ್ನು ಅಕ್ಕ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ನಾಟಕ ನಿಂತುಹೋದರೆ ವೀಳ್ಯ ಕೊಟ್ಟವನೇ ಬಂದು, ಕಾರಣ ಹೇಳಿ, ಆ ಅಡಿಕೆಯನ್ನು ಅವರ ಕೈಯಿಂದ ವಾಪಸ್ ಪಡೆಯಬೇಕು. ಅಡಿಕೆ ಮುಟ್ಟಿ ಆಡಿದ ಮಾತನ್ನು ಯಾರೂ ತಿರುಚುತ್ತಿರಲಿಲ್ಲ.

ತುರ್ತುಪರಿಸ್ಥಿತಿಯ ಕಾಲ. ಹೊಸದುರ್ಗದ ಕಡೆ ಒಂದು ನಾಟಕದಲ್ಲಿ ಹಾಸ್ಯಪಾತ್ರದವನು ಇವರಿಗೆ, "ಲೇ, ಮಾತಾಡಬ್ಯಾಡ, ಒಳಗೆ ಹಾಕ್ತಾರೆ" ಎಂದನಂತೆ. ಅಕ್ಕ ಅಲ್ಲೇ ಹೊಳೆದದ್ದನ್ನು ಸೇರಿಸಿ, "ಮಾತಿಗಲ್ಲವಾ ಬೀಗ ಹಾಕಿರಾದು? ಹಾಡ್ತೀನಿ ಬಿಡು!" ಎಂದು ಪದ ಎತ್ತಿಕೊಂಡರು. ಜನ ಶಿಳ್ಳೆ ಹೊಡೆದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಹಾರ ಹಾಕಿಸಿಕೊಂಡು ಕುಳಿತಿದ್ದ ಆಡಳಿತ ಪಕ್ಷದ ಮುಖಂಡರು ಮಾತ್ರ ಎದ್ದು ಹೋದರು.

ಅಲ್ಲಿಂದ ಮುಂದೆ ನಾಟಕದ ಅನುಮತಿಗೆಂದು ಯಾವ ಊರಿನವರು ಠಾಣೆಗೆ ಹೋದರೂ, "ಹೆಣ್ಣು ಪಾತ್ರಕ್ಕೆ ಯಾರು?" ಎಂಬ ಪ್ರಶ್ನೆ ಮೊದಲು ಬರತೊಡಗಿತು. ಇವರ ಹೆಸರು ಹೇಳಿದರೆ, "ಆಯ್ತು, ನೋಡಾಣ." ಆ ನೋಡುವುದು ಮುಗಿಯುತ್ತಲೇ ಇರಲಿಲ್ಲ. ಹಳ್ಳಿಯವರು ಅರ್ಥ ಮಾಡಿಕೊಂಡರು. ಕೆಲವರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೇಳಿ ಕಳಿಸಿದರು, ಕೆಲವರು ಈ ಬೀದಿಯನ್ನೇ ಬಿಟ್ಟರು. ಅಕ್ಕ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸಕ್ಕೆ ಸೇರಿದರು. ಕಿವಿಯ ಹಿಂದಿನ ಗೆರೆ ಮಾಸಿಹೋಯಿತು.

ತುರ್ತುಪರಿಸ್ಥಿತಿ ಮುಗಿದು, ಚುನಾವಣೆ ನಡೆದು, ದೆಹಲಿಯಲ್ಲಿ ಸರ್ಕಾರವೇ ಬದಲಾಯಿತು. ಠಾಣೆಯ ಪ್ರಶ್ನೆ ಬದಲಾಗಲಿಲ್ಲ. ಬರೆದ ಆಜ್ಞೆಯಾಗಿದ್ದರೆ ಯಾರಾದರೂ ರದ್ದು ಮಾಡುತ್ತಿದ್ದರು. ಬಾಯಿಂದ ಬಾಯಿಗೆ ಬಂದದ್ದನ್ನು ರದ್ದು ಮಾಡುವವರು ಯಾರು?

ಒಂದು ಬೆಳಿಗ್ಗೆ ಅವರು ಮಿಲ್ಲಿಗೆ ಹೋಗದೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಿದರು.

"ಸಾಮಿ, ಇನ್ನೊಂದೆರಡು ವರ್ಷ ಹಿಂಗೇ ಹೋದ್ರೆ ನಂಗೆ ಮಾತೇ ಮರ್ತೋಗ್ತಾವೆ. ಕೋರ್ಟಾಗೆ ಕೇಳಾಣ."

ಹಿರಿಯ ವಕೀಲರು ಕನ್ನಡಕ ತೆಗೆದಿಟ್ಟರು. "ಏನಂತ ಕೇಳ್ತೀಯಮ್ಮಾ? ನಿನ್ನ ಬ್ಯಾಡ ಅಂದಿದ್ದಕ್ಕೆ ಸಾಕ್ಷಿ ಯಾರು?"

ಸಾಕ್ಷಿ ಒಬ್ಬನಿದ್ದ. ಹಿರಿಯೂರು ಸೀಮೆಯ ಕುರಿ ಸಾಕುವ ಅಜ್ಜ. ಊರಿನ ನಾಟಕಕ್ಕೆ ವೀಳ್ಯ ಕೊಟ್ಟು ಹೋಗಿದ್ದ ಆತನೊಬ್ಬನೇ ನಿಯತ್ತಿನಿಂದ ವಾಪಸ್ ಬಂದು, ಠಾಣೆಯಲ್ಲಿ ಬೇಡವೆಂದರು ಎಂದು ಹೇಳಿ ಅಡಿಕೆ ಪಡೆದಿದ್ದ. ಅವನಿಗೆ ಸಮನ್ಸ್ ಕಳಿಸೋಣ ಎಂದು ನಾವು ಹೇಳಿದ ತಕ್ಷಣ ಅಕ್ಕ ತಲೆ ಅಲ್ಲಾಡಿಸಿದರು.

"ಬ್ಯಾಡ. ಆಯಪ್ಪ ಮರ್ಯಾದೆಯಿಂದ ಬಂದ. ಕುರಿ ಮೇಯಿಸ್ಕಂಡು ಇರಾನು. ಸರ್ಕಾರಿ ಕಾವಲಾಗೆ ಕುರಿ ಬಿಟ್ಟ ಅಂತ ಒಂದ್ ಕೇಸ್ ಹಾಕಿದ್ರೆ ಮುಗೀತು ಅವನ ಕತೆ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಸರ್ಕಾರಕ್ಕೆ ನೋಟಿಸು ಕೊಟ್ಟು ಎರಡು ತಿಂಗಳು ಕಾದು, ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹೂಡಿದೆವು. ಇವರು ಪಾತ್ರ ಮಾಡುತ್ತಾರೆಂಬ ಕಾರಣಕ್ಕೆ ಯಾವ ನಾಟಕದ ಅನುಮತಿಯನ್ನೂ ತಡೆಯಬಾರದು ಎಂಬುದಷ್ಟೇ ಕೋರಿಕೆ. ನಮ್ಮ ಕಡೆ ಅವರದೊಂದು ಮಾತು ಬಿಟ್ಟರೆ ಏನೂ ಇರಲಿಲ್ಲ. ಪ್ರತಿ ವಾಯಿದೆಗೂ ಅವರು ನನಗಿಂತ ಮೊದಲೇ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತಿರುತ್ತಿದ್ದರು. ಸೆರಗಿನ ಖಾಲಿ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಸಾವಿರ ಜನರೆದುರು ಅಳುಕದವರು ಹೆಸರು ಕರೆಯುವ ಕೋರ್ಟಿನ ಜವಾನನ ಕೂಗಿಗೆ ಬೆಚ್ಚುತ್ತಿದ್ದರು.

ಸರ್ಕಾರದ ಕಡೆಯ ಸಾಕ್ಷಿಯ ದಿನ ಹಿರಿಯ ವಕೀಲರಿಗೆ ಜ್ವರ. ನಾನೊಬ್ಬನೇ ಹೋದೆ. ಜಗಲಿಯಲ್ಲಿ ಕರಿ ಕಂಬಳಿ ಹೊದ್ದ ಮುದುಕನೊಬ್ಬನಿಗೆ ಪೊಲೀಸಿನವನೊಬ್ಬ ಚಹಾ ಕುಡಿಸುತ್ತಿದ್ದ. ಅಕ್ಕ ನನ್ನ ಕೋಟಿನ ತೋಳು ಹಿಡಿದರು. "ಅವನೇ ಕಣಪ್ಪಾ."

ನಾವು ಕರೆಯದ ಸಾಕ್ಷಿಯನ್ನು ಪೊಲೀಸರು ಕರೆತಂದಿದ್ದರು. ಕಟಕಟೆಯಲ್ಲಿ ನಿಂತು ಅಜ್ಜ ಒಪ್ಪಿಸಿದ: "ಈಯಮ್ಮಂಗೆ ವಯಸ್ಸಾತು, ಜನ ಒಪ್ಪಲ್ಲ ಅಂತ ನಾವೇ ಬಿಟ್ವಿ ಸಾಮಿ. ಯಾರೂ ಏನೂ ಅಂದಿಲ್ಲ." ಹೇಳುವಾಗ ಅವನು ನೆಲ ನೋಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಸಬ್‌ಇನ್‌ಸ್ಪೆಕ್ಟರ್ ಕಾಲಮೇಲೆ ಕಾಲು ಹಾಕಿ ಕುಳಿತಿದ್ದರು.

ಪಾಟೀಸವಾಲಿಗೆ ನಾನು ಎದ್ದು ನಿಂತೆ. ಕೇಳಬೇಕಾದ ಪ್ರಶ್ನೆ ನನಗೆ ಗೊತ್ತಿತ್ತು. ಕೇಳಿದರೆ ಅಕ್ಕನ ಮಾತನ್ನು ಮುರಿದಂತೆ, ಕೇಳದಿದ್ದರೆ ದಾವೆ ಅಲ್ಲಿಗೇ ಮುಗಿದಂತೆ. ನ್ಯಾಯಾಧೀಶರು ಗಡಿಯಾರ ನೋಡಿದರು. ನಾನು ಅಕ್ಕನ ಕಡೆ ತಿರುಗಿದೆ. ಅವರು ಅಜ್ಜನನ್ನೇ ದಿಟ್ಟಿಸುತ್ತಿದ್ದರು.

"ಕೇಳಪ್ಪ" ಎಂದರು ಕೊನೆಗೆ. "ಮೆಲ್ಲಗೆ ಕೇಳು."

ಮೆಲ್ಲಗೇ ಕೇಳಿದೆ. "ಅಜ್ಜಾ, ಇವರ ಕೈಯಿಂದ ಅಡಿಕೆ ವಾಪಸ್ ತಗಳ್ಳುವಾಗ ಏನು ಹೇಳಿದ್ರಿ?"

ಅಜ್ಜ ಕಂಬಳಿಯನ್ನು ಹೆಗಲ ಮೇಲೆ ಎಳೆದುಕೊಂಡ. ಸರ್ಕಾರಿ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ಉತ್ತರ ಕೊಡಲು ಹೇಳಿದರು.

"ಅಡಿಕೆ ಮಾತು ನೀವು ತೆಗೀಬಾರ್ದಿತ್ತು ಸಾಮಿ" ಎಂದ ಅಜ್ಜ. ಆಮೇಲೆ ತಲೆ ಎತ್ತಿ, "ಟೇಸನ್ನಾಗೆ ಈಯಮ್ಮ ಬಂದ್ರೆ ನಾಟ್ಕ ಇಲ್ಲ ಅಂದ್ರವ್ವಾ, ನಂದೇನೂ ತಪ್ಪಿಲ್ಲ, ಅಂದೆ. ಅಷ್ಟೇ ಅಂದಿದ್ದು. ಇವತ್ತು ಹೇಳಿದ್ದು ಈ ಪೊಲೀಸ್ನೋರು ಕಲ್ಸಿದ್ದು."

ಕಾಲಮೇಲಿನ ಕಾಲು ಕೆಳಗಿಳಿಯಿತು.

ತೀರ್ಪಿಗೆ ಕಾದ ದಿನಗಳಲ್ಲಿ ಅಕ್ಕ ನನ್ನನ್ನು ದಾವೆಯ ಬಗ್ಗೆ ಕೇಳಲಿಲ್ಲ. ಹಿರಿಯೂರು ಕಡೆಯಿಂದ ಕಕ್ಷಿದಾರರು ಬಂದರೆ ಸಾಕು, "ಆ ಅಜ್ಜನ ಕುರಿ ಹಿಡಿದ್ರೇನ್ರೀ?" ಎಂದು ವಿಚಾರಿಸುತ್ತಿದ್ದರು. ಹಿಡಿಯಲಿಲ್ಲ. ತುಂಬಿದ ಕೋರ್ಟಿನಲ್ಲಿ ಆಡಿದ ಮಾತಾದ್ದರಿಂದ ಹಿಡಿಯುವುದು ಕಷ್ಟವಾಗಿತ್ತೋ ಏನೋ. ಆದರೂ ಆ ದಿನಗಳಲ್ಲಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ತೀರ್ಪು ನಮ್ಮ ಪರವಾಯಿತು. ಪ್ರತಿಯನ್ನು ಅವರ ಮನೆಗೆ ಒಯ್ದು ಓದಿ ಹೇಳಿದೆ.

"ಅಂದ್ರೆ ಏನಪ್ಪಾ?"

"ನೀವು ಬಣ್ಣ ಹಚ್ಚಬಹುದು ಅಂತ ಅಕ್ಕಾ."

"ಅಷ್ಟ್ ಹೇಳಾಕೆ ಇಷ್ಟೊಂದು ಹಾಳೆನಾ?" ಎಂದರು. ನಗುತ್ತಲೇ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆ ಸಲದ ಸುಗ್ಗಿಗೆ ಕರೆಸಿದ್ದು ಒಂದೆರಡು ಊರಿನವರು ಮಾತ್ರ. ಭಯ ಕೋರ್ಟಿನ ಆದೇಶದಷ್ಟು ಬೇಗ ಬದಲಾಗುವುದಿಲ್ಲ. ಮರುವರ್ಷ ಹೊಳಲ್ಕೆರೆ ಕಡೆಯವರು ಬಂದರು, ಆಮೇಲೆ ಉಳಿದವರು. ರಾಣಿಯ ಪಾತ್ರ ಮತ್ತೆ ಸಿಗಲಿಲ್ಲ. ತಾಯಿ, ಅತ್ತೆ, ಜಗಳಗಂಟಿ ನೆರೆಯವಳು, ಕೊಟ್ಟದ್ದನ್ನು ಮಾಡಿದರು. ಹಾಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಡಿದರು.

ಅವರು ತೀರಿಕೊಂಡ ದಿನ ಬೀದಿಯಲ್ಲಿ ಬುತ್ತಿಚೀಲ ಹಿಡಿದ, ಪಂಚೆ ಉಟ್ಟ ಗಂಡಸರು ತುಂಬಿಹೋದರು. ಹೆಣಕ್ಕೆ ಹೆಗಲು ಕೊಡುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಟ್ಟಿಗೆ ಮುಂದೆ ನುಗ್ಗಿದರು.

"ನಾನು ಭರಮಸಾಗರದಾಗೆ ಅಕ್ಕನ ದೊಡ್ಡ ಮಗ ಆಗಿದ್ದೆ."

"ನೀನು ಆಗಿದ್ದು ಒಂದೇ ಸಲ ಬಿಡಲೇ. ನಾನು ಮೂರು ನಾಟ್ಕದಾಗೆ ಅಳಿಯ."

"ನನ್ನನ್ನ ಮನೆಯಿಂದ ಹೊರಗೆ ಹಾಕಿದ ಅತ್ತೆ ಕಣ್ರೋ ಈಯಮ್ಮ, ನಂಗೆ ಮುಂದೆ ಜಾಗ ಬಿಡ್ರಿ."

ಗದ್ದಲ ನೋಡಿ, ಆಗ ನನ್ನ ಕೈಕೆಳಗೆ ಕಲಿಯುತ್ತಿದ್ದ ವಕೀಲೆಯೊಬ್ಬಳು ಬೆರಗಾಗಿ ಕೇಳಿದಳು: "ಸಾರ್, ಇವರೆಲ್ಲ ಅಕ್ಕನ ಮಕ್ಕಳಾ?"

"ಹೌದು" ಎಂದೆ. "ಕೋರ್ಟಿನ ಆದೇಶವಾದ ಮೇಲೆ ಹುಟ್ಟಿದವರು."